ವಯಲೆಟ್‌ಗೂ ಭಯವಂತೆ

ಯಶವಂತಪುರ
೨೨-೯-೧೯೬೪

ನನ್ನ ಪ್ರೀತಿಯ ಮುನಿಶಾಮಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಇಲ್ಲಿ ಸೋದರಮಾವನ ಮನೆಯಲ್ಲಿ ಎಲ್ಲರೂ ಕ್ಷೇಮ. ಕಾಲೇಜಿನಿಂದ ಬಂದವಳು ಕಾಫಿಯನ್ನೂ ಕುಡಿಯದೆ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಾನು ಕಾಲೇಜು ಬಿಡುವುದಿಲ್ಲ. ಅಪ್ಪನಿಗೆ ಈಗಲೇ ಹೇಳಿಬಿಡು.

ಬಿಡುತ್ತೇನೆಂದು ಹಟ ಹಿಡಿದದ್ದು ಏಕೆಂದು ಯಾರಿಗೂ ಹೇಳಿರಲಿಲ್ಲ. ಯಲಹಂಕದ ಸ್ಕೂಲಿನಲ್ಲಿ ಕನ್ನಡದಲ್ಲೇ ಓದಿ ಮೊದಲು ಬರುತ್ತಿದ್ದವಳು ನಾನು. ಇಲ್ಲಿ ಎಲ್ಲವೂ ಇಂಗ್ಲಿಷು. ಜುಲೈನಲ್ಲಿ ಒಮ್ಮೆ ಪಾಠ ಓದಲು ಎದ್ದು ನಿಂತೆ, ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕಂಟೋನ್ಮೆಂಟ್ ಕಡೆಯ ಹುಡುಗಿ ವಯಲೆಟ್ ಕಿಸಕ್ಕನೆ ನಕ್ಕಳು. ಅಂದಿನಿಂದ ಕಾಲೇಜಿನ ಗೇಟು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ತುತ್ತು ಇಳಿಯುತ್ತಿರಲಿಲ್ಲ. ಊರಿಗೆ ಬಂದಾಗ ಅಮ್ಮ 'ಇಂಗ್ಯಾಕೆ ಒಣಗೋಗಿದೀಯೆ, ಗಾಳಿ ಸೋಕೈತೆ' ಎಂದು ತಾಯತ ಕಟ್ಟಿಸಿದಳು. ನನಗೋ, ಇಡೀ ಕ್ಲಾಸಿನಲ್ಲಿ ದಡ್ಡಿ ನಾನೊಬ್ಬಳೇ ಎನಿಸುತ್ತಿತ್ತು.

ಇವತ್ತು ಮನಶ್ಶಾಸ್ತ್ರದ ಮೇಡಂ ವೆಂಕಟಲಕ್ಷ್ಮಮ್ಮನವರು ಪಾಠದ ನಡುವೆ ಪುಸ್ತಕ ಮುಚ್ಚಿ, ಕನ್ನಡದಲ್ಲೇ, 'ಕ್ಲಾಸಿಗೆ ಬರೋಕೇ ಹೆದರಿಕೆ ಆಗೋರು ಯಾರಾದ್ರೂ ಇದೀರೇನ್ರಮ್ಮ?' ಎಂದರು. ಎಲ್ಲರೂ ತಲೆ ತಗ್ಗಿಸಿದರು. ಹೇಗೂ ಬಿಟ್ಟು ಹೋಗುವವಳಲ್ಲವೇ ಎಂದು ನಾನು ಕೈ ಎತ್ತಿದೆ. ಯಾರೂ ನಗಲಿಲ್ಲ. ಹಿಂದೆ ಬಳೆ ಸದ್ದಾಯಿತು. ತಿರುಗಿದರೆ ಇನ್ನೊಂದು ಕೈ, ಮತ್ತೊಂದು ಕೈ. ಆಮೇಲೆ ವಯಲೆಟ್ ಕೈ.

ಅವಳು ಅತ್ತೇಬಿಟ್ಟಳು ಅಕ್ಕ. ಅಣ್ಣಂದಿರೆಲ್ಲ ಮೊದಲ ದರ್ಜೆಯವರಂತೆ, ಇವಳ ಅಂಕ ಕಡಿಮೆಯಾದರೆ ಅಪ್ಪ ಮಾತು ಬಿಡುತ್ತಾರಂತೆ. ಪರೀಕ್ಷೆಯ ಬೆಳಗ್ಗೆ ವಾಂತಿಯಂತೆ. ಇದು ದಡ್ಡತನವಲ್ಲ, ಪಕ್ಕದವರ ಜೊತೆ ಅಳೆದುಕೊಂಡು, ಯಾರಿಗೂ ಹೇಳದೆ ನುಂಗಿಕೊಂಡರೆ ಮನಸ್ಸಿಗೂ ಜ್ವರ ಬರುತ್ತದೆ ಎಂದರು ಮೇಡಂ.

ಸಂಜೆ ವಯಲೆಟ್ ಬಸ್ ಸ್ಟಾಪಿನವರೆಗೆ ಬಂದಳು. 'ಅವತ್ತು ನಕ್ಕಿದ್ದು ಹೆದರಿಕೆಗೆ ಕಣೇ, ನೆಕ್ಸ್ಟ್ ಟರ್ನ್ ನಂದಿತ್ತು' ಎಂದಳು. ಶುಕ್ರವಾರದ ಪಾಠ ನಾನೇ ಓದುತ್ತೇನೆಂದು ಹೆಸರು ಕೊಟ್ಟಿದ್ದೇನೆ. ನೆನೆದರೆ ನನಗೇ ನಗು ಬರುತ್ತಿದೆ. ಭಾನುವಾರ ಅವಳನ್ನು ಅಲ್ಲಾಳಸಂದ್ರಕ್ಕೆ, ನಮ್ಮ ಮನೆಗೆ ಕರೆತರುತ್ತೇನೆ. ಮುದ್ದೆ ನುಂಗುವುದನ್ನು ನೀನೇ ಕಲಿಸಬೇಕು.

ಇಂತಿ, ಕುಣಿಯುತ್ತಿರುವ ನಿನ್ನ
ಮುನಿಕೃಷ್ಣಿ

ತಾ. ಕ.: ಅಮ್ಮನಿಗೆ ಓದಿ ಹೇಳುವಾಗ ಮೇಲೆ ನನ್ನ ಹೆಸರಿನವರೆಗೆ ಓದಿ ನಿಲ್ಲಿಸು, ಇದು ನಿನಗೆ ಮಾತ್ರ. ಗೌರಿ ಹಬ್ಬಕ್ಕೆ ತಡವಾಗಿ ಬಂದು ಬಸ್ಸು ಕೆಟ್ಟಿತ್ತು ಎಂದೆನಲ್ಲ, ಅದು ಸುಳ್ಳು. ಹೆಬ್ಬಾಳದಲ್ಲಿ ಇಳಿದು ಕೆರೆ ಏರಿಯ ಮೇಲೆ ಕೂತಿದ್ದೆ. ಮನೆಗೆ ಬರುವುದಿರಲಿ, ಬದುಕಿರಬೇಕೆಂದೇ ಅನಿಸಿರಲಿಲ್ಲ. ಇವತ್ತು ಮೇಡಂಗೆ ಅದನ್ನೂ ಹೇಳಿದೆ. ಸೋಮವಾರ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗುತ್ತಾರಂತೆ. ಮನೆಯವರೊಬ್ಬರು ಜೊತೆಗಿರಲಿ ಎಂದರು. ನಿನ್ನ ಹೆಸರು ಹೇಳಿದ್ದೇನೆ.