ಸುಹೊದೋಲ್ ಗಣಿಯಲ್ಲಿ ಕಾಣದೆ ಹೋದ ಸಾಲುಗಳು

ಮಾರ್ಚ್ 11, ಬೆಳಿಗ್ಗೆ 9
ಪಕ್ಕದ ಮೇಜಿನ ಎಲ್ದಾರ್ ಕಾಫಿ ತಂದಿಟ್ಟ. ಕುಡಿದೆ. ರುಚಿ ಗೊತ್ತಾಗಲಿಲ್ಲ. ಐದು ವಾರದ ರಜೆ ಮುಗಿಸಿ ಬಂದು ಎರಡು ದಿನ. ಆಫೀಸಿನಲ್ಲಿ ಅಣ್ಣನ ಹೆಸರು ಯಾರೂ ಎತ್ತುವುದಿಲ್ಲ.
ಮಿರಾಲೆಮ್ ಹೊಸ ಕೆಲಸ ಕೊಟ್ಟ. ಗಣಿಗಳ ಗ್ಯಾಸ್ ಸೆನ್ಸರ್ ಡೇಟಾ ಇಡಲು ಕ್ಲೌಡ್‌ನಲ್ಲಿ ಬೇರೆ ಜಾಗ ಆರಿಸಬೇಕು.
"ನಿಧಾನಕ್ಕೆ ಮಾಡು ಮೆವ್ಲಿದಾ. ಬಾಸ್ ನಾನೇ ತಾನೆ, ಅವಸರ ಇಲ್ಲ."
ಸರಿ ಅಂದೆ.

ಮಾರ್ಚ್ 13
ಮೂರು ದಾರಿ. ಈಗಿನ ಡೇಟಾಬೇಸನ್ನೇ ದೊಡ್ಡದು ಮಾಡುವುದು. ಇಲ್ಲವೇ ಡೇಟಾ ವೇರ್‌ಹೌಸ್ — ವಿಶ್ಲೇಷಣೆಗೆ ಚುರುಕು, ಒಂದೊಂದೇ ಸಾಲು ಹಾಕುತ್ತಾ ಹೋದರೆ ತಿಣುಕುತ್ತದೆ. ಇಲ್ಲವೇ ಆಬ್ಜೆಕ್ಟ್ ಸ್ಟೋರೇಜ್ — ಬರೀ ಫೈಲುಗಳ ಗೋದಾಮು. ಎಷ್ಟು ಜನ ಒಟ್ಟಿಗೆ ಬಂದರೂ ಒಳಗೆ ಬಿಡುತ್ತದೆ.
ನಮ್ಮ ಸರ್ವರ್‌ಲೆಸ್ ಫಂಕ್ಷನ್‌ಗಳು, ಅಂದರೆ ಕ್ಲೌಡ್‌ನ ಪುಟ್ಟ ಪ್ರೋಗ್ರಾಮ್‌ಗಳು, ಸೆನ್ಸರ್ ಅಂಕಿ ಕಳಿಸಿದಾಗ ಎದ್ದು, ಅದನ್ನು ಬರೆದಿಟ್ಟು ಹೋಗುತ್ತವೆ. ತಮ್ಮ ಹತ್ತಿರ ಏನೂ ಇಟ್ಟುಕೊಳ್ಳುವುದಿಲ್ಲ. ಬರೆಯಲು ಜಾಗ ಸಿಗದಿದ್ದರೆ ಆ ಅಂಕಿ ಹೋಯಿತು.

ಮಾರ್ಚ್ 15
ಸುಹೊದೋಲ್ ಗಣಿಯ ಗ್ಯಾಸ್ ದುರಂತದಲ್ಲಿ ಫೆಬ್ರವರಿ 3ರಂದು ತೀರಿಹೋದ ಅಣ್ಣ ಝಿಯಾದ್‌ನ ನಲವತ್ತನೆಯ ದಿನ. ಪ್ರಾರ್ಥನೆ ಮುಗಿದ ಮೇಲೆ ರಾಬಿಯಾ ಅತ್ತಿಗೆ ಹಲ್ವಾ ಹಂಚಿದಳು. ನನ್ನ ತಟ್ಟೆಗೆ ಹಾಕುತ್ತಾ —
"ಆ ಗ್ಯಾಸ್ ಮೆಷಿನ್ ನೋಡ್ಕೊಳ್ಳೋರು ನೀವೇ ಅಲ್ವೇನೆ? ಅದೇನೂ ಹೇಳ್ಲೇ ಇಲ್ವಾ?"
"ಇಲ್ಲ ಅತ್ತಿಗೆ. ಗ್ಯಾಸ್ ಚಾರ್ಟ್ ಸರಿಯಾಗೇ ಇತ್ತು."
ಅಳು ಬರಲಿಲ್ಲ. ಹಲ್ವಾ ತಿಂದೆ.

ಮಾರ್ಚ್ 25, ಮಧ್ಯಾಹ್ನ
ಹೊಸ ಜಾಗಕ್ಕೆ ಎಷ್ಟು ಹೊರೆ ಬೀಳಬಹುದು ಎಂದು ನೋಡಲು ಹಳೆಯ ಲಾಗ್ ತೆಗೆದೆ. ಸುಹೊದೋಲ್ ಗಣಿ. ಫೆಬ್ರವರಿ 1ರಿಂದ 3.
ಗ್ಯಾಸ್ ಏರತೊಡಗಿದರೆ ಸೆನ್ಸರ್‌ಗಳು ನಿಮಿಷಕ್ಕೊಮ್ಮೆ ಬಿಟ್ಟು ಸೆಕೆಂಡಿಗೊಮ್ಮೆ ಕಳಿಸುತ್ತವೆ. ನೂರಾರು ಫಂಕ್ಷನ್ ಒಟ್ಟಿಗೆ ಎದ್ದಿವೆ. ಡೇಟಾಬೇಸ್ ನೂರು ಕನೆಕ್ಷನ್ ಕೊಟ್ಟು ಉಳಿದವನ್ನು ತಳ್ಳಿದೆ. ಮೇಲೇರಿದ ಅಂಕಿಗಳೇ ಹೋಗಿವೆ. ಉಳಿದ ಚುಕ್ಕಿಗಳ ನಡುವೆ ಚಾರ್ಟ್ ನೇರ ಗೆರೆ ಎಳೆದಿದೆ.
ಸೈರನ್ ಕೂಗುವುದು ಮಿತಿ ದಾಟಿದ ಮೇಲೆ. ಅದಕ್ಕೆ ಮುಂಚಿನ ಏರಿಕೆ ನೋಡಿ ಜನರನ್ನು ಹೊರಗೆ ಕರೆಯಲೆಂದೇ ನಮ್ಮ ಚಾರ್ಟ್.
ಹೋದ ವರ್ಷ ಆ ಡೇಟಾಬೇಸ್ ಆರಿಸಿದವಳು ನಾನು.
ಕಂಪ್ಯೂಟರ್ ಆಫ್ ಮಾಡಿ ಪಾತ್ರೆ ತೊಳೆದೆ. ಆಫೀಸಿನವರದ್ದೆಲ್ಲ.

ಮಾರ್ಚ್ 27
ಗಣಿಯ ಬಾಯಲ್ಲಿರುವ ಸೆನ್ಸರ್ ಪೆಟ್ಟಿಗೆ ಅರವತ್ತು ದಿನದ ಅಂಕಿಯನ್ನೆಲ್ಲ, ನಮ್ಮಲ್ಲಿ ಕಳೆದುಹೋದದ್ದನ್ನೂ, ಇಟ್ಟುಕೊಂಡಿರುತ್ತದೆ. ಆಮೇಲೆ ಅದರ ಮೇಲೇ ಹೊಸದು. ಏಪ್ರಿಲ್ 2ರಿಂದ ಆ ಮೂರು ದಿನ ಅಳಿಯತೊಡಗುತ್ತದೆ. ಮಿರಾಲೆಮ್‌ಗೆ ಹೇಳಿದೆ.
"ಯಾರೂ ಕೇಳಿಲ್ವಲ್ಲ. ವಕೀಲರ ಹತ್ರ ಮಾತಾಡೋಣ. ಸ್ವಲ್ಪ ಕಾಯಿ."
"ಎಷ್ಟು ದಿನ?"
"ಒಂದು ವಾರ."
ನನ್ನ ಮುಖ ನೋಡಲಿಲ್ಲ.

ಮಾರ್ಚ್ 31
ಸುಹೊದೋಲ್‌ಗೆ ಹೋಗಲು ಎಲ್ದಾರ್ ಕಾರು ತೆಗೆದ. ನಾನು ಕರೆದಿರಲಿಲ್ಲ.
"ನೀನೊಬ್ಳೇ ಕೆಲಸ ಕಳ್ಕೊಂಡ್ರೆ ನಂಗೆ ಇಲ್ಲಿ ಬೋರಾಗತ್ತೆ" ಅಂದ.
ಗಣಿಯಲ್ಲಿ ಕೆಲಸಗಾರರಿಗೆ ದೀಪ ಕೊಡುವ ಕೋಣೆಯ ಹಮ್ದೊ ಚಿಕ್ಕಪ್ಪ ಪೆಟ್ಟಿಗೆಯ ಬೀಗ ತೆಗೆದ. "ಝಿಯಾದ್‌ನ ತಂಗಿ ಅಲ್ವಾ? ಬಾ ಮಗಳೇ." ಅನುಮತಿಯ ಕಾಗದ ಕೇಳಲಿಲ್ಲ.
ಅಲ್ಲೇ ಕೂತು ಎಲ್ಲವನ್ನೂ ಆಬ್ಜೆಕ್ಟ್ ಸ್ಟೋರೇಜ್‌ಗೆ ಹಾಕಿದೆ. ಅಳಿಸಲಾಗದಂತೆ ಬೀಗ ಹಾಕಿ. ಹೊಸ ಜಾಗದ ಮೊದಲ ಫೈಲುಗಳು ಅವು. ಆರಿಸಿದ್ದಾಯಿತು. ಕಚ್ಚಾ ಅಂಕಿ ಮೊದಲು ಅಲ್ಲಿಗೆ, ವಿಶ್ಲೇಷಣೆ ಆಮೇಲೆ.

ಏಪ್ರಿಲ್ 2
ಗೆರೆ ನೇರವಿಲ್ಲ. ಎರಡು ದಿನ ಏರಿದೆ. ಗಣಿ ಇನ್‌ಸ್ಪೆಕ್ಟರ್‌ಗೆ ಕಳಿಸಿದೆ. ತಪ್ಪು ಎಲ್ಲಿ, ಯಾರದು ಎಂದೂ ಬರೆದೆ. ಮಿರಾಲೆಮ್ ಬಾಗಿಲಲ್ಲಿ ನಿಂತು ಓದಿದ. "ನನ್ನ ಹೆಸರೂ ಹಾಕು. ಒಪ್ಪಿ ಸಹಿ ಮಾಡಿದ್ದು ನಾನು." ಇಷ್ಟೇ ಅಂದ.

ಏಪ್ರಿಲ್ 5, ಶನಿವಾರ, ಮಧ್ಯಾಹ್ನ 3
ಅತ್ತಿಗೆಗೆ ಹೇಳಿದೆ. ಅಡುಗೆಮನೆಯಲ್ಲಿ ನಿಂತೇ.
"ಎಷ್ಟು ಮುಂಚೆ ಗೊತ್ತಾಗ್ತಿತ್ತು?"
"ಎರಡು ದಿನ."
ಕಟ್ಟೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಬೈಯಲಿಲ್ಲ. ಕೂತ್ಕೊ ಎನ್ನಲೂ ಇಲ್ಲ. ನಾನು ಶೂ ಹಾಕಿಕೊಳ್ಳುವಾಗ ಬಾಗಿಲಿಗೆ ಬಂದಳು.
"ಬೇರೆ ಗಣಿಗಳದ್ದು?"
"ಎರಡು ಬದಲಾಯಿಸಿದೀವಿ. ಇನ್ನೂ ನಾಲ್ಕಿವೆ. ಸೋಮವಾರ ಮಾಡ್ತೀವಿ."
"ಅಲ್ಲೂ ಹಿಂಗೇ ಗೆರೆ ನೇರ ಇದೆಯಾ?"
ಎರಡನೇ ಶೂ ಹಾಕಿಕೊಂಡೆ.
"ಅಲ್ಲೀಗ ಯಾರೂ ಒಳಗಿಲ್ವಾ ಮೆವ್ಲಿದಾ? ಸೋಮವಾರ ಯಾಕೆ?"
ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಗಣಿಗಳಿಗೆ ಫೋನ್ ಮಾಡುತ್ತಿದ್ದೇನೆ, ಚಾರ್ಟ್ ನಂಬಬೇಡಿ ಎಂದು. ಮೂವರು ಎತ್ತಿದರು. ಉಳಿದ ನಾಲ್ಕನ್ನು ಇವತ್ತೇ ಬದಲಾಯಿಸಲು ಎಲ್ದಾರ್ ಆಫೀಸಿಗೆ ಹೊರಟಿದ್ದಾನೆ. ನಾಲ್ಕನೆಯದು ರಿಂಗ್ ಆಗುತ್ತಿದೆ. ಯಾರೋ ಎತ್ತಿದರು.