ಬರ್ತೀನಿ ಎಂದು ಹೋದವನು

ಬಿಟ್ಟನೆಲ, ಕೆಳದಂಡೆ ಓಣಿ.
ಆಷಾಢದ ನಲವತ್ತನೆಯ ದಿನ, ನಿಮ್ಮ ಲೆಕ್ಕದಲ್ಲಿ ೨೨೬೧.

ಹಿಂದಿನವರಿಗೆ ಮುರಿಗೆಪ್ಪನ ಮಗಳು ನೀಲವ್ವನ ಶರಣು.

ತಿಂಗಳಿಗೆ ನಲವತ್ತು ದಿನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದಿಲ್ಲ. ಅಮಾವಾಸ್ಯೆ ಯಾವಾಗ ಬಂತು, ಯಾವಾಗ ಹೋಯಿತು ತಿಳಿಯದೆ ನಮ್ಮ ಹಿರಿಯರು ಆಷಾಢವನ್ನು ಮಂಜು ಬೀಳುವ ತನಕ ಎಳೆಯುತ್ತಾರೆ. ತಿಳಿಯದ ಪದಗಳು ಬಂದರೆ ಸಿಟ್ಟಾಗಬೇಡಿ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ, ಉಣ್ಣೆ ಗೋದಾಮಿನ ಅಟ್ಟದ ಮೇಲಿದ್ದ ಕನ್ನಡ ಸಾಲೆಯಲ್ಲಿ. ದೊಡ್ಡವರ ಎದುರು ನನಗೆ ಬಾಯಿ ಬರುವುದಿಲ್ಲ. ನೀವು ಎದುರಿಗಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇದನ್ನು ನಿಮಗೆ ತಲುಪಿಸುವುದು ಹಿಂಗಾಲುವೆ. ಅದು ಮನುಷ್ಯರನ್ನು ಒಯ್ಯುವುದಿಲ್ಲ, ಸಾಮಾನನ್ನೂ ಒಯ್ಯುವುದಿಲ್ಲ. ಒಂದು ಹಾಳೆಯ ಬರಹವನ್ನು ಮಾತ್ರ ಕಳೆದುಹೋದ ಕಾಲಕ್ಕೆ ಮುಟ್ಟಿಸುತ್ತದೆ.

ಬಿಟ್ಟನೆಲ ಎಂದರೆ ಹಿಮ ಕರಗಿ ಬಿಟ್ಟುಕೊಟ್ಟ ನೆಲ. ನಾವು ಕೃಷ್ಣೆಯ ದಂಡೆಯಿಂದ ಇಲ್ಲಿಗೆ ಬಂದಾಗ ನಾನು ಅವ್ವನ ಕಂಕುಳಲ್ಲಿದ್ದೆನಂತೆ. ಅವ್ವ ಮೊದಲ ಚಳಿಗಾಲದಲ್ಲೇ ತೀರಿಕೊಂಡಳು. ಮನೆಯಲ್ಲಿ ಈಗ ಅಪ್ಪ, ಅಪ್ಪನ ತಾಯಿ ಗುರವ್ವ ಆಯಿ, ನಾನು. ಜೋಳ ಇಲ್ಲಿ ತೆನೆಗಟ್ಟುವುದಿಲ್ಲ. ಆಯಿ ಇಲ್ಲಿನ ಕರಿಧಾನ್ಯದ ಹಿಟ್ಟನ್ನೇ ಬಡಿದು ರೊಟ್ಟಿ ಮಾಡುತ್ತಾಳೆ. ಅದು ಅಂಚಿನಲ್ಲಿ ಬಿರಿಯುತ್ತದೆ, ಅವಳು ದಿನಾಲೂ ಹಿಟ್ಟಿಗೆ ಬೈಯುತ್ತಾಳೆ. ಕತ್ತಲಾಗದ ಊರಿನಲ್ಲಿ ಸಂಜೆ ಯಾವುದೆಂದು ತಿಳಿಯದು, ಅದಕ್ಕೆ ಗೋದಾಮಿನ ಭೋಂಗಾ ಕೂಗಿದಾಗ ದೇವರಿಗೆ ದೀಪ ಹಚ್ಚುತ್ತೇವೆ. ಅಪ್ಪನ ಕೆಲಸ ಊರಾಚೆಯ ಪಾಚಿಹೊಲಗಳಲ್ಲಿ. ಕೆಸರಿನ ಮೇಲೆ ಜಾರುವ ತೇಲುಬಂಡಿಯಲ್ಲಿ ಹೋಗಬೇಕು. ಒಮ್ಮೆ ನನ್ನನ್ನೂ ಕರೆದೊಯ್ದಿದ್ದ. ದಾರಿಯುದ್ದಕ್ಕೂ ನೆಲವೂ ಆಕಾಶವೂ ಒಂದೇ ಬೂದುಬಣ್ಣ. ಅಪ್ಪ ಮಾತ್ರ ಎಡಕ್ಕೆ ಕೈ ತೋರಿಸಿ, ಇದು ಬಾದಾಮಿ ರಸ್ತೆ ಅಂತ ತಿಳ್ಕೊ, ಮುಂದಿನ ತಿರುವಿಗೆ ಚಹಾ ಸಿಗುತ್ತದೆ ಎಂದು ಹುಡುಗಾಟ ಮಾಡುತ್ತಿದ್ದ.

ಊರಿಗೆ ಇರುವುದು ಒಂದೇ ದಾರಿ, ಕೇಳುಬಾಗಿಲು. ಅದಕ್ಕೆ ಕೀಲಿಯಿಲ್ಲ, ಕಿವಿಯಿದೆ. ಹೊರಡುವವರು ಹೋಗುತ್ತೇನೆ ಎನ್ನಬೇಕು, ಮರಳಿದವರು ಬಂದೆ ಎನ್ನಬೇಕು. ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬುದನ್ನು ಅದು ಹಾಗೆ ತಿಳಿಯುತ್ತದೆ. ಇಷ್ಟು ದಿನ ಇಲ್ಲಿಯವರ ಭಾಷೆಯಲ್ಲೇ ಹೇಳಬೇಕಿತ್ತು. ಈ ಬೇಸಿಗೆಯಲ್ಲಿ ಬಾಗಿಲಿಗೆ ಕನ್ನಡವನ್ನೂ ಕಲಿಸಿದರು. ನಮ್ಮ ಓಣಿಯವರು ಸಿಹಿಗೆಂದು ಮಾದಲಿ ಮಾಡಿ ಹಂಚಿದರು. ಮರುದಿನ ಅಪ್ಪನನ್ನು ಕಳಿಸಲು ಆಯಿ ಎಂದಿನಂತೆ ಬಾಗಿಲ ತನಕ ಬಂದಿದ್ದಳು. ಅಪ್ಪ ಅವಳ ಕಡೆ ತಿರುಗಿ, ಹುಟ್ಟಿದಾಗಿನಿಂದ ಹೇಳಿದ್ದನ್ನೇ ಹೇಳಿದ.

“ಬರ್ತೀನವ್ವಾ.”

ಬಾಗಿಲು ತೆರೆಯಿತು, ಅಪ್ಪ ಹೋದ. ಆದರೆ ಮುರಿಗೆಪ್ಪ ಒಳಗೆ ಬಂದ ಎಂದು ಬಾಗಿಲು ತಿಳಿದುಕೊಂಡಿತು. ಕೆಲಸ ಮುಗಿಸಿ ಮರಳಿ ಬಂದೆ ಎಂದಾಗ ಅದು ತೆರೆಯಲಿಲ್ಲ. ಒಳಗೊಬ್ಬ ಮುರಿಗೆಪ್ಪ ಇದ್ದಾನಲ್ಲ, ಹೊರಗಿನವನು ಯಾರು? ಅವನನ್ನು ಗಾಜಿನ ನಡುಕೋಣೆಯಲ್ಲಿ ಕೂರಿಸಿ, ನಿಜವಾದ ಮುರಿಗೆಪ್ಪನನ್ನು ಹುಡುಕಲು ಬಾಗಿಲಿನವರು ನಮ್ಮ ಮನೆಗೆ ಬಂದರು. ಮಂಚದ ಕೆಳಗೂ ಬಗ್ಗಿ ನೋಡಿದರು. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಒಳಗದಾನ ಅಂತೀರಲ್ಲ, ಸಿಕ್ರ ಕರಕೊಂಬರ್ರಿ. ರೊಟ್ಟಿ ಆರಾಕತ್ತಾವ.”

ನಮ್ಮಲ್ಲಿ ಹೋಗುವಾಗ ಬರ್ತೀನಿ ಎನ್ನುತ್ತೇವೆ ಎಂದು ಓಣಿಯವರೆಲ್ಲ ಹೋಗಿ ಹೇಳಿದರು. ಬಾಗಿಲಿನವರು ಕೆಟ್ಟವರಲ್ಲ, ಕೂರಿಸಿ ಕೇಳಿದರು. ಆದರೆ ಸಂಕಟದಲ್ಲಿರುವವರು ತಮಗೆ ಬೇಕಾದ ಅರ್ಥ ಹೇಳುತ್ತಾರೆ, ಸಂಕಟಕ್ಕಿಂತ ಮೊದಲೇ ಯಾರಾದರೂ ಬರೆದಿಟ್ಟದ್ದಿದ್ದರೆ ತೋರಿಸಿ ಎಂದರು. ಬಾಗಿಲಿಗೆ ಕನ್ನಡ ಕಲಿಸಿದ್ದು ನಿಮ್ಮ ಕಾಲದಿಂದ ಉಳಿದು ಬಂದ ಬರಹಗಳಿಂದ. ಆ ಸಂಗ್ರಹವನ್ನು ಮಾತಿನ ಕಣಜ ಎನ್ನುತ್ತಾರೆ. ಹುಡುಕಿದರು, ಅದರಲ್ಲಿ ಈ ಮಾತಿಲ್ಲ. ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಮುರಿಗೆಪ್ಪ ಹೋದ ಎಂದು ಮನೆಯವರೊಬ್ಬರು ಬಾಗಿಲಿಗೆ ಹೇಳಿದರೆ ಒಳಗಿನ ಹೆಸರು ಅಳಿಯುತ್ತದೆ, ಹೊರಗಿನವನು ಬರಬಹುದು.

ಆಯಿ ಹಿಟ್ಟಿನ ಕೈಯಿಂದಲೇ ಕಿವಿ ಮುಚ್ಚಿಕೊಂಡಳು. “ಬದುಕಿರೋ ಮಗನ್ನ ಹೋದ ಅಂತ ನನ್ನ ಬಾಯಿಂದ ಅನಸಬ್ಯಾಡ್ರಿ,” ಎಂದಳು.

ಒಂದು ಮಾತು ತಾನೇ ಎಂದು ನಾನು ಹೋದೆ. ಗಾಜಿನ ಆಚೆ ಅಪ್ಪ ಕೈ ಎತ್ತಿದ. ಗಟ್ಟಿಯಾಗಿ ಹೇಳಲು ನಾಚಿಕೆಯಾಗಿ, ತಲೆ ತಗ್ಗಿಸಿ, ಅಪ್ಪ ಹೋದ ಎಂದೆ. ಬಾಗಿಲು ಅಚ್ಚ ಕನ್ನಡದಲ್ಲಿ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದಿತು.

ಆ ಅರ್ಥ ಅದಕ್ಕೆ ಗೊತ್ತಿತ್ತು. ಹಿಂದಿನವರೇ, ಸಾವನ್ನು ನೀವು ಎಷ್ಟೋ ಕಡೆ ಬರೆದಿದ್ದೀರಿ. ಬೆಳಿಗ್ಗೆ ಹೊಸ್ತಿಲು ದಾಟುವವನು ಏನನ್ನುತ್ತಾನೆ ಎಂಬುದು ಬರೆಯುವಂಥದ್ದು ಎಂದು ನಿಮಗೆ ಅನ್ನಿಸಲಿಲ್ಲವೋ, ಅಥವಾ ಬರೆದ ಹಾಳೆ ನಮ್ಮ ತನಕ ಉಳಿಯಲಿಲ್ಲವೋ.

ಅಪ್ಪ ಈಗ ಒಳಗೂ ಇಲ್ಲ, ಹೊರಗೂ ಇಲ್ಲ; ಬಾಗಿಲಿನ ಪ್ರಕಾರ ಸತ್ತಿದ್ದಾನೆ. ಸತ್ತವನ ಹೆಸರು ಹೇಳುವವನಿಗೆ ಇಲ್ಲಿ ಜಾಗವಿಲ್ಲ. ಮಂಜು ಬಿದ್ದ ಕೂಡಲೇ ಅವನನ್ನು ಒಯ್ಯಲು ಹೊರಹಡಗು ಬರುತ್ತದೆ. ಹೆಸರಿಲ್ಲದವರನ್ನು ಯಾವ ದೇಶವೂ ಇಳಿಸಿಕೊಳ್ಳುವುದಿಲ್ಲ, ಆ ಹಡಗು ದಡದಿಂದ ದಡಕ್ಕೆ ತಿರುಗುತ್ತಲೇ ಇರುತ್ತದೆ. ನಿನ್ನೆ ಗಾಜಿಗೆ ಬಾಯಿ ಹಚ್ಚಿ ಅಪ್ಪ ನನಗೆ ಹೇಳಿದ, “ಅಳಬ್ಯಾಡ ನೀಲಾ. ಸತ್ತಾಂವಗ ದಿನಾ ಎರಡು ಸಲ ಊಟಾ ಕೊಡ್ತಾರ, ಇದು ಒಳ್ಳೆ ದೇಶ.” ಅವನು ನಕ್ಕ. ನನಗೆ ನಗಲಾಗಲಿಲ್ಲ. ಇವತ್ತು ಬೆಳಿಗ್ಗೆ ಕಿಟಕಿಯ ಅಂಚಿನಲ್ಲಿ ಬಿಳಿ ಕಂಡಿತು. ಆಯಿ ಬೆರಳಿನಿಂದ ಅದನ್ನು ಒರೆಸಿ, ಹಿಟ್ಟು ಹಾರಿ ಬಿದ್ದಿದೆ ಎಂದಳು.

ನನ್ನ ಬೇಡಿಕೆ ಸಣ್ಣದು. ಇವತ್ತು ನಿಮ್ಮ ಮನೆಯಿಂದ ಯಾರಾದರೂ ಸಂತೆಗೆ, ಸಾಲೆಗೆ, ಕೆಲಸಕ್ಕೆ ಹೊರಟು ಬರ್ತೀನಿ ಎಂದರೆ, ಅವರು ಅಂಗಳ ದಾಟುವ ಮೊದಲು ಅದನ್ನು ಬರೆದುಬಿಡಿ. ಹೀಗೆಂದು ಹೋದರು ಎಂದು ಬರೆಯಿರಿ. ಕಾಗದದಲ್ಲೋ, ಕತೆಯಲ್ಲೋ, ಗೋಡೆಯ ಮೇಲೋ, ಎಲ್ಲಾದರೂ ಸರಿ, ಒಬ್ಬರಲ್ಲ, ಎಷ್ಟು ಜನವಾದರೂ ಸರಿ. ಅದರಲ್ಲಿ ಒಂದು ಉಳಿದು ಕಣಜ ಸೇರಿದರೆ ಸಾಕು, ಬಾಗಿಲಿಗೆ ಅಪ್ಪನ ಮಾತು ತಿಳಿಯುತ್ತದೆ.

ಹಾಳೆ ತುಂಬಿತು. ನಾನಿನ್ನು ಬರುತ್ತೇನೆ. ಇದರ ಅರ್ಥ ನಿಮಗೆ ಹೇಳಬೇಕಾಗಿಲ್ಲ. ಬಾಗಿಲಿಗೆ ಹೇಳಿ.