ಹೆಣದ ಯೋರಿ

೧೯೯೯ ಮಾರ್ಚ್ ೩, ಬುಧವಾರ, ಬೆಳಿಗ್ಗೆ

ಗೋಡೆ ಬಡಿದ ಸದ್ದು. ಅಣ್ಣ ಬ್ರಿನ್ಲಿ ಎದ್ದಿದ್ದಾನೆ. ಕೆಂಡ ಕೆದಕೋ ಸರಳಿನಿಂದ ಒಲೆಯ ಹಿಂಗೋಡೆಗೆ ಎರಡು ಏಟು ಅಂದರೆ ಟೀ ಆಗಿದೆ, ಬಾ ಅಂತ. ಅಪ್ಪ ಅಮ್ಮನ ಕಾಲದಿಂದ ಈ ಸಾಲುಮನೆಗಳಲ್ಲಿ ಇದೇ ಫೋನು. ಅಣ್ಣನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವನ ಕೆಮ್ಮು ನನಗೆ ಕೇಳುತ್ತೆ, ನಾನು ಡೈಲಾಗ್ ಬಾಯಿಪಾಠ ಮಾಡೋದು ಅವನಿಗೆ ಕೇಳುತ್ತೆ.

ಹೋದೆ. ನನ್ನ ಕುತ್ತಿಗೆ ನೋಡಿ ನಕ್ಕ. ನಿನ್ನೆ ಕಾರ್ಡಿಫ್‌ನಲ್ಲಿ ಬಿಷಪ್ ಪಾತ್ರ. ಬಿಗಿ ಕಾಲರು. ಕೆಂಪು ಬರೆ ಇನ್ನೂ ಹೋಗಿಲ್ಲ.

"ಹೋದ ತಿಂಗಳು ಟೀವೀಲಿ ಹೆಂಗಸರ ಕತ್ತು ಹಿಸುಕ್ತಿದ್ದೆ. ಈ ತಿಂಗಳು ಆಶೀರ್ವಾದ ಮಾಡ್ತಿದೀಯ. ನಿನ್ನ ನಂಬೋದು ಹೆಂಗೋ?"

"ಆ ಕೊಲೆಗಾರನ್ನ ನೋಡಿ ಅತ್ತಿಗೆ ಕೇಕ್ ಮಾಡಿ ಕೊಟ್ರು."

"ಕೊಲೆಗಾರನ್ನ ಚೆನ್ನಾಗಿ ಮಾಡಿದ್ದೆ ಕಣೋ ನೀನು," ಅಂದರು ಒಲ್ವೆನ್ ಅತ್ತಿಗೆ. "ರಾತ್ರಿ ಲೈಟ್ ಹಾಕ್ಕೊಂಡೇ ಮಲಗಿದ್ವಿ."

ಈ ಕಣಿವೆಯಲ್ಲಿ ಎಲ್ಲರಿಗೂ ಕಸುಬಿನ ಹೆಸರು ಅಂಟಿಕೊಂಡಿರುತ್ತೆ. ಹಾಲಿನ ಡಾನ್. ಶವಪೆಟ್ಟಿಗೆಯವನು ಪೆಟ್ಟಿಗೆ ಮಾಲ್ಡ್ವಿನ್. ನಾನು ಹೆಣದ ಯೋರಿ. ಟೀವಿಯಲ್ಲಿ ನನ್ನ ಮೊದಲ ಪಾತ್ರ ನದಿ ದಡದಲ್ಲಿ ಸಿಕ್ಕ ಹೆಣ. ಆಮೇಲೆ ರಾಜ, ಕುಡುಕ, ಡಾಕ್ಟರು, ಜರ್ಮನ್ ಸೈನಿಕ, ಬೇರೆ ಗ್ರಹದವನು… ಎಲ್ಲ ಆದೆ. ಊರಿಗೆ ಮಾತ್ರ ಹೆಣವೇ.

ಮಧ್ಯಾಹ್ನ

ಲಂಡನ್ನಿನಿಂದ ಸಿಲ್ವಿಯಾ ಫೋನು. ನನ್ನ ಏಜೆಂಟು. ಸಿನಿಮಾ. ಮುಖ್ಯ ಪಾತ್ರ. ಎಂಬತ್ನಾಲ್ಕರ ಗಣಿ ಮುಷ್ಕರದ ಕಥೆ. ಎಲ್ಲರೂ ಹೊರಗೆ ನಿಂತಿದ್ದಾಗ ಒಬ್ಬನೇ ಕೆಲಸಕ್ಕೆ ವಾಪಸ್ ಹೋದವನು — ಅವನು ನಾನು. ನಮ್ಮೂರಲ್ಲಿ ಅಂಥವನಿಗೆ ಒಂದೇ ಪದ, ಸ್ಕ್ಯಾಬ್. ಮಕ್ಕಳ ಮುಂದೆ ಆಡಲ್ಲ ಆ ಪದ.

ಅಣ್ಣ ಆ ವರ್ಷವಿಡೀ ಮುಷ್ಕರದಲ್ಲಿದ್ದ. ಇನ್ನೂ ಹೇಳಿಲ್ಲ ಅವನಿಗೆ.

ಮಾರ್ಚ್ ೭, ಭಾನುವಾರ

ಅಣ್ಣನ ಮನೆಯಲ್ಲಿ ಊಟ. ಕುರಿಮಾಂಸ, ಪುದೀನ ಚಟ್ನಿ. ಅರ್ಧ ತಟ್ಟೆ ಖಾಲಿಯಾಗೋವರೆಗೂ ಕಾದೆ. ಹೇಳಿದೆ.

ಚಾಕು ಕೆಳಗಿಟ್ಟ.

"ಸೈತಾನ ಆಗು. ಕೊಂಬು ನಾನೇ ಅಂಟಿಸ್ತೀನಿ. ಅದೊಂದು ಬೇಡ."

"ನಟನೆ ಅಷ್ಟೇ, ಬ್ರಿನ್."

"ನಟನೆ ಅಂತ ನಂಗೊತ್ತಿಲ್ವಾ? ನೀನು ಮಾಡಿದ್ರೆ ಜನ ಅಯ್ಯೋ ಪಾಪ ಅಂತಾರೆ ಅವನಿಗೆ. ಅದೇ ನನ್ನ ತಕರಾರು. ಕೆಟ್ಟದಾಗಿ ಮಾಡೋಕೆ ನಿಂಗೆ ಬರಲ್ಲ."

ಇಷ್ಟು ದೊಡ್ಡ ಹೊಗಳಿಕೆ ಅವನ ಬಾಯಿಂದ ಕೇಳಿದ್ದು ಇದೇ ಮೊದಲು. ಸಮಯ ನೋಡಿ ಹೊಗಳಿದ ಮಹಾನುಭಾವ.

"ಬೇರೆ ಯಾರಾದ್ರೂ ಮಾಡ್ತಾರೆ," ಅಂದೆ.

"ಮಾಡ್ಲಿ. ಅವರು ನನ್ನ ತಮ್ಮ ಅಲ್ಲ. ನೀನು ಒಪ್ಕೊಂಡ್ರೆ ಗೋಡೆ ಆಚೆ ಮನೆ ಖಾಲಿ ಅಂದ್ಕೋತೀನಿ. ಮುಗೀತು."

ಕೆಮ್ಮು ಬಂತು. ಗಣಿ ಧೂಳಿನ ಕೆಮ್ಮು, ಶುರುವಾದರೆ ಬೇಗ ಬಿಡಲ್ಲ. ಅತ್ತಿಗೆ ಬೆನ್ನು ಸವರುತ್ತಾ ಪುಡಿಂಗ್ ಯಾರಿಗೆ ಬೇಕು ಅಂದರು. ಯಾರಿಗೂ ಬೇಕಿರಲಿಲ್ಲ.

ಮಾರ್ಚ್ ೨೨

ಒಪ್ಪಿಕೊಂಡೆ.

ಕಾರಣ ಬರೆದಿಡೋಣ, ಯಾರೂ ಓದಲ್ಲವಲ್ಲ. ಒಂದು, ಸ್ಕ್ರಿಪ್ಟು ಚೆನ್ನಾಗಿದೆ. ಇನ್ನೊಂದು, ಐವತ್ತೇಳು ವಯಸ್ಸಾಯ್ತು, ಇವತ್ತಿಗೂ ನಾನು ಬಾಗಿಲ ಪಕ್ಕ ನಿಲ್ಲೋ ಮೂರನೆಯವನು. 'ಏನು ಬೇಕಾದರೂ ಮಾಡ್ತಾನೆ' ಅಂತಾರೆ. ಯಾರು ಅಂತ ಕೇಳಿದರೆ ಹೆಸರು ನೆನಪಾಗಲ್ಲ. ಈ ಸಲ ಪೋಸ್ಟರಿನಲ್ಲಿ ಮುಖ.

ಬೆಳಿಗ್ಗೆ ಗೋಡೆ ಸುಮ್ಮನಿತ್ತು. ಟೀ ನಾನೇ ಮಾಡ್ಕೊಂಡೆ. ಸಪ್ಪೆ.

ಏಪ್ರಿಲ್ ೧೪

ಹೇಡನ್ ರಾಸರ್ ಮನೆಗೆ ಹೋದೆ. ಚಾಪೆಲ್ ಹಿಂದಿನ ಸಾಲಿನ ಕೊನೆ ಮನೆ. ನಮ್ಮ ಗಣಿಯಲ್ಲಿ ಮುಷ್ಕರ ಮುರಿದು ವಾಪಸ್ ಹೋದವನು ಇವನೊಬ್ಬನೇ. ಆಮೇಲೆ ಗಣಿಯೇ ಮುಚ್ಚಿತು. ಇವನ ಜೊತೆ ಊರು ಮಾತು ಬಿಟ್ಟಿದ್ದು ಮಾತ್ರ ಹಾಗೇ ಇದೆ.

ಯಾರಾದರೂ ನೋಡಿಯಾರು ಅಂತ ಹಿತ್ತಲ ಕಡೆಯಿಂದ ಹೋದೆ. ನಾಚಿಕೆ ಆಯ್ತು. ಆದರೂ ಹಿತ್ತಲಿಂದಲೇ.

"ನಿನ್ನ ಹೆಣ ನೋಡಿದ್ದೆ," ಅಂದ. "ಉಸಿರಾಡ್ತಿತ್ತು."

"ಚಳಿ ಇತ್ತು."

ಒಳ್ಳೇ ಬಟ್ಟಲು ತೆಗೆದ. ಒಳಗೆ ಧೂಳು. ಒರೆಸಿದ. ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ದಪ್ಪಗೆ ಬಳಿದ.

"ಯಾಕೆ ಹೋದೆ ಅಂತ ಕೇಳೋಕೆ ಬಂದಿದೀಯ."

"ಹೌದು. ನನ್ನ ಕೆಲಸ ಅದು."

"ದೊಡ್ಡ ಕಾರಣ ಏನಿಲ್ಲ ಕಣಪ್ಪ. ಇದ್ದಿದ್ರೆ ಎಲ್ಲರಿಗೂ ಸಮಾಧಾನ ಆಗ್ತಿತ್ತು. ಚಳಿ. ಬೇಜಾರು. ಒಂದಿನ ಬೆಳಿಗ್ಗೆ ನೋಡ್ತೀನಿ, ಬೂಟು ಹಾಕ್ಕೊಂಡಿದೀನಿ. ಬಸ್ ಬಂತು."

ಇನ್ನೊಂದು ಚೂರು ಬ್ರೆಡ್ಡು ನನ್ನ ಕಡೆ ತಳ್ಳಿದ. ಆಮೇಲೆ ಅವನೇ ಶುರು ಮಾಡಿದ.

"ಕ್ಲಬ್ಬಿಗೆ ಹೋದ್ರೆ ಬಿಯರ್ ಕೊಡ್ತಾರೆ. ಪಕ್ಕದ ಸ್ಟೂಲಲ್ಲಿ ಯಾರೂ ಕೂರಲ್ಲ. ಅದೆಲ್ಲ ಅಭ್ಯಾಸ ಆಯ್ತು ಬಿಡು. ಒಂದು ಮಾತ್ರ ಆಗಲಿಲ್ಲ. ಕಾಯರ್‌ನಲ್ಲಿ ಎಲ್ಲ ಸೇರಿ ಹಾಡೋವಾಗ ನಿಮ್ಮಣ್ಣ ನನ್ನ ಹಿಂದೆ ನಿಲ್ತಿದ್ದ, ಎಲ್ಲರಿಗಿಂತ ಕೆಳಗಿನ ದನಿ ಅವನದು. ಅವನ ಬೇಸ್ ದನಿ ನನ್ನ ಬೆನ್ನಿಗೆ ಬಂದು ತಾಗ್ತಿತ್ತು. ಈಗ ಒಬ್ಬನೇ ಹಾಡ್ಕೋತೀನಿ, ಬೆನ್ನು ಬರಿದು."

ಬಟ್ಟಲನ್ನು ಎರಡು ಕೈಯಲ್ಲಿ ಹಿಡೀತಾನೆ, ಕಣ್ಣು ಬಾಗಿಲ ಮೇಲೆ. ಅದನ್ನ ನನ್ನ ಪಾತ್ರಕ್ಕೆ ತಗೊಂಡೆ. ಕುಡಿಯೋವಾಗ ಕೆಳತುಟಿ ಮುಂದೆ ಬರುತ್ತೆ. ಅದನ್ನೂ ತಗೊಂಡೆ. ಬೆನ್ನಿನ ಮಾತು ಅಣ್ಣನಿಗೆ ಹೇಳಬೇಕು ಅನ್ನಿಸಿತು. ಆದರೆ ಅವನ ಲೆಕ್ಕಕ್ಕೆ ಗೋಡೆ ಆಚೆ ಮನೆ ಖಾಲಿಯಲ್ಲವಾ.

ಜೂನ್ ೯

ಶೂಟಿಂಗ್ ಪಕ್ಕದ ಕಣಿವೆಯಲ್ಲಿ, ಪಾಳು ಬಿದ್ದ ಗಣಿ ಗೇಟಿನ ಮುಂದೆ. ಕಿಟಕಿಗೆಲ್ಲ ಜಾಲರಿ ಹಾಕಿದ ಬಸ್ಸು. ಒಳಗೆ ನಾನೊಬ್ಬನೇ. ಹೊರಗೆ ಗುಂಪು. ಗುಂಪಿನ ಪಾತ್ರಕ್ಕೆ ನಮ್ಮೂರಿನವರನ್ನೇ ಕರೆಸಿದ್ದರು, ಹೆಚ್ಚಿನವರು ಹಳೇ ಗಣಿಯವರು. ದಿನಗೂಲಿ, ಮಧ್ಯಾಹ್ನ ಊಟ.

ಬಸ್ಸು ಹೊರಟಿತು. ಕೂಗಿದರು. ಡೈರೆಕ್ಟರ್ ಕಟ್ ಅಂದ. ಯಾರೂ ನಿಲ್ಲಿಸಲಿಲ್ಲ. ಮತ್ತೆ ಕಟ್ ಅಂದ. ಹಾಲಿನ ಡಾನ್ ಜಾಲರಿ ಹಿಡಿದು ಅಲ್ಲಾಡಿಸ್ತಾನೇ ಇದ್ದ. ಮೂವತ್ತು ವರ್ಷ ಹೆಣ ಹೆಣ ಅಂತ ಕರೆದ ಬಾಯಿ ಇವತ್ತು ಸ್ಕ್ಯಾಬ್ ಅಂತು. ಡೈರೆಕ್ಟರ್ ಲಂಡನ್ನಿನವನು, ಖುಷಿಯಾಗಿ ಕೈ ಉಜ್ಕೋತಿದ್ದ. ಎಷ್ಟು ಸಹಜವಾಗಿ ಮಾಡ್ತಾರೆ ಇವರು ಅಂದ.

ದೂರದಲ್ಲಿ, ರಸ್ತೆ ಆಚೆ, ಬ್ರಿನ್ಲಿ. ಅವನನ್ನ ಯಾರೂ ಕರೆದಿರಲಿಲ್ಲ. ಮೋಟ್ ಜೊತೆ ನಿಂತಿದ್ದ. ಮೋಟ್ ಅವನ ನಾಯಿ. ಬಸ್ಸು ಅವನ ಮುಂದೆ ಬಂದಾಗ ಬೆನ್ನು ತಿರುಗಿಸಿದ. ಮುಷ್ಕರದಲ್ಲೂ ಅವನದು ಇದೇ. ಬೇರೆಯವರು ಕಲ್ಲು ಎಸೀತಿದ್ದರು, ಇವನು ಬೆನ್ನು ತಿರುಗಿಸ್ತಿದ್ದ. ಕಲ್ಲು ಎಸೆಯೋದು ಅಗ್ಗದ ಕೆಲಸ ಅಂತ ಅವನ ಲೆಕ್ಕ.

ಒಳ್ಳೇ ಟೇಕು. ಮುಖದಲ್ಲಿ ಏನು ಬಂತೋ ನನಗೇ ಗೊತ್ತಿಲ್ಲ, ಬಂದದ್ದು ನಿಜ. ಬೇಜಾರಾಯ್ತು. ತುಂಬಾ.

ಜೂನ್ ೨೬

ಕ್ಲಬ್ಬಿಗೆ ಹೋದೆ. ಬಿಯರ್ ಕೊಟ್ಟರು. ಪಕ್ಕದ ಸ್ಟೂಲು ಖಾಲಿ. ಹೇಡನ್ ಬಟ್ಟಲನ್ನ ಹಿಡಿಯೋ ಹಾಗೆ ಗ್ಲಾಸನ್ನ ಎರಡು ಕೈಯಲ್ಲಿ ಹಿಡಿದಿದ್ದೆ. ಗೊತ್ತಾದ ಮೇಲೆ ಒಂದು ಕೈ ತೆಗೆದೆ.

ಅಣ್ಣ ಈಗ ನಾಯಿಯ ಜೊತೆ ಮಾತಾಡ್ತಾನೆ, ಗೋಡೆಗೆ ಕೇಳೋ ಹಾಗೆ. "ಮೋಟ್, ಕೆಲವರ ಕಸದ ಡಬ್ಬ ಬುಧವಾರವೂ ಬೀದೀಲೇ ಇರುತ್ತೆ ನೋಡು." ಹೋಗಿ ಡಬ್ಬ ಒಳಗಿಟ್ಟೆ.

ನವೆಂಬರ್, ಬುಡಾಪೆಸ್ಟ್

ಪೋಲೆಂಡಿನ ಜಮೀನ್ದಾರನ ಪಾತ್ರ. ಅಂಟಿಸಿದ ಮೀಸೆ. ಕುದುರೆ ನನ್ನ ಮಾತು ಕೇಳಲ್ಲ. ಹೋಟೆಲ್ ಗೋಡೆ ಆಚೆ ಯಾರೋ ಕೆಮ್ಮಿದರು. ಎದ್ದು ಕೂತೆ. ಬೇರೆ ಥರದ ಕೆಮ್ಮು.

೨೦೦೦ ಫೆಬ್ರವರಿ ೧೨

ಸಿನಿಮಾ ನಮ್ಮ ಕಾರ್ಮಿಕರ ಸಭಾಂಗಣದಲ್ಲಿ ತೋರಿಸಿದರು. ಜಾಗ ಭರ್ತಿ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಕೊನೇ ಸಾಲಿನಲ್ಲಿ ಹೇಡನ್. ಅವನೊಬ್ಬ ಮಾತ್ರ ದೀಪ ಹತ್ತೋ ಮುಂಚೆ ಎದ್ದು ಹೋದ.

ಅಣ್ಣ ಬರಲಿಲ್ಲ. ಅತ್ತಿಗೆ ಬಂದಿದ್ದರು. ಮೆಟ್ಟಿಲ ಮೇಲೆ ಹಿಡಿದರು.

"ನೀನು ಟೀ ಕುಡಿಯೋದು ನೋಡಿ ಹೇಡನ್ನೇ ಅನ್ಕೊಂಡೆ. ಅಳು ಬಂದ್ಬಿಡ್ತು. ನಂಗೆ ನಿನ್ನ ಮೇಲೆ ಸಿಟ್ಟಿದೆ ಯೋರಿ. ಅವನಿಗೋಸ್ಕರ ಅಳೋದು ನಂಗೆ ಬೇಕಿರಲಿಲ್ಲ."

"ಬ್ರಿನ್‌ಗೆ ಹೇಳ್ತೀರಾ?"

"ನಾನು ಅತ್ತಿದ್ದನ್ನ ಅವನ ಮುಂದೆ ಹೇಳೋಕೆ ನಂಗೇನು ತಲೆ ಕೆಟ್ಟಿದ್ಯಾ? ಎದೆ ಬೇರೆ ಸರಿ ಇಲ್ಲ ಅವನ್ದು. ಕಾಯರ್ ಬಿಟ್ಟಾಯ್ತು. ಹಾಡಬೇಡ ಅಂದಿದಾರೆ ಡಾಕ್ಟರು."

ಇದು ನನಗೆ ಗೊತ್ತಿರಲಿಲ್ಲ. ಗೋಡೆ ಪಕ್ಕದಲ್ಲೇ ಇದ್ದು ಗೊತ್ತಿರಲಿಲ್ಲ.

ಮಾರ್ಚ್ ೧೫

ಹೇಡನ್ ತೀರಿಕೊಂಡ. ನಿದ್ದೆಯಲ್ಲೇ.

ಪೆಟ್ಟಿಗೆ ಮಾಲ್ಡ್ವಿನ್ ಬಂದಿದ್ದ. ಟೋಪಿ ತೆಗೆಯಲಿಲ್ಲ, ಕೂರಲೂ ಇಲ್ಲ.

"ಹೆಗಲು ಕೊಡೋಕೆ ಆರು ಜನ ಬೇಕು. ನಾನು, ನನ್ನ ಆಳುಗಳು ಮೂರು, ಬ್ರಿಸ್ಟಲ್‌ನಿಂದ ಹೇಡನ್ ಅಳಿಯ ಬರ್ತಾನೆ. ಊರಲ್ಲಿ ಕೇಳ್ದೆ. ಎಲ್ಲರಿಗೂ ಇದ್ದಕ್ಕಿದ್ದಂಗೆ ಸೊಂಟ ನೋವು."

"ನಾನು ಬರ್ತೀನಿ."

"ನಿನ್ನ ಪಾತ್ರ ಮುಗೀತಲ್ಲ?"

"ಮುಗೀತು."

ನೋಡಿದ ಒಂದು ನೋಟ. ಕರಿ ಟೈ ಇದೆಯಾ ಅಂತ ಕೇಳಿ ಹೋದ.

ಮಾರ್ಚ್ ೧೭, ಶುಕ್ರವಾರ, ಸಂಜೆ

ನಾಳೆ ಮಣ್ಣು.

ಒಲೆ ಮುಂದೆ ನಿಂತೆ. ಆಚೆ ಕಡೆ ಕೆಮ್ಮು ಕೇಳ್ತಿತ್ತು. ಡೈಲಾಗ್ ಅಭ್ಯಾಸ ಮಾಡೋ ದನಿಯಲ್ಲಿ, ಗೋಡೆಗೆ ಮುಖ ಮಾಡಿ, ಹೇಡನ್ ಹೇಳಿದ್ದನ್ನ ಹೇಡನ್ ದನಿಯಲ್ಲೇ ಹೇಳಿದೆ. ಅವನ ಬೇಸ್ ದನಿ ನನ್ನ ಬೆನ್ನಿಗೆ ಬಂದು ತಾಗ್ತಿತ್ತು. ಈಗ ಒಬ್ಬನೇ ಹಾಡ್ಕೋತೀನಿ, ಬೆನ್ನು ಬರಿದು.

ಎರಡು ಸಲ ಹೇಳಿದೆ. ಎರಡನೇ ಸಲ ಚೆನ್ನಾಗಿ ಬಂತು.

ಕೆಮ್ಮು ನಿಂತಿತು. ಆಮೇಲೆ ರೇಡಿಯೋ ಜೋರಾಯ್ತು. ರಗ್ಬಿ ಸುದ್ದಿ.

ಮಾರ್ಚ್ ೧೮, ಶನಿವಾರ

ಮಣ್ಣಾಯ್ತು.

ನಮ್ಮಲ್ಲಿ ಹೆಂಗಸರು ಸಮಾಧಿಗೆ ಬರಲ್ಲ. ಹೇಡನ್ ಮಗಳು ಮೆನ್ನಾ ಮನೆಯಲ್ಲೇ ಉಳಿದು ಸಾವಿನೂಟಕ್ಕೆ ಹ್ಯಾಮ್, ಉಪ್ಪು ಹಾಕಿದ ಹಂದಿಮಾಂಸ, ಹೆಚ್ಚಿಟ್ಟಿದ್ದಳು. ಹ್ಯಾಮ್ ಇಲ್ಲದ ಸಾವು ಸಾವಲ್ಲ. ಇಡೀ ಬೀದಿ ತಿಂದರೂ ಮಿಗೋವಷ್ಟು ಹೆಚ್ಚಿದ್ದಳು, ಪಾಪ. ಯಾರು ಬರ್ತಾರೆ ಅಂದ್ಕೊಂಡಳೋ.

ಪೆಟ್ಟಿಗೆ ಹಗುರ ಇತ್ತು. ಗುಡ್ಡದ ಗಾಳಿ. ಗುಂಡಿ ಸುತ್ತ ಹೊತ್ತವರು ಮತ್ತು ಪಾದ್ರಿ, ಅಷ್ಟೇ. ಪಾದ್ರಿ ಸ್ತೋತ್ರ ಎತ್ತಿದರು. ನಾಲ್ಕು ದನಿಯ ಹಾಡು ಅದು. ಅಳಿಯನಿಗೆ ನಮ್ಮ ಭಾಷೆ ಬರಲ್ಲ, ತುಟಿ ಆಡಿಸ್ತಿದ್ದ. ಮಾಲ್ಡ್ವಿನ್ ದನಿ ಮೂಗಿನಿಂದ. ಮೇಲಿನ ದನಿ ನನ್ನದು. ಕೆಳಗೆ ಆಸರೆ ಇಲ್ಲದೆ ಹಾಡು ತೂಗಾಡಿತು. ಮೊದಲ ಚರಣ ಹೇಗೋ ದಾಟಿದೆವು. ಎರಡನೆಯದರಲ್ಲಿ ನಾನೇ ಶ್ರುತಿ ಬಿಟ್ಟೆ.

ಆಗ ಕೆಳಗಿಂದ ಬಂತು. ಸ್ಮಶಾನದ ಗೋಡೆ ಆಚೆಯಿಂದ. ಬೇಸ್.

ಯಾರೂ ತಿರುಗಿ ನೋಡಲಿಲ್ಲ. ಮಾಲ್ಡ್ವಿನ್ ಕಣ್ಣು ಮಾತ್ರ ನನ್ನ ಕಡೆ ಬಂದು ಹೋಯ್ತು. ಬ್ರಿನ್ಲಿ ಒಳಗೆ ಕಾಲಿಟ್ಟಿಲ್ಲ, ನಿಯಮ ಮುರಿದಿಲ್ಲ. ನಾಯಿ ಸುತ್ತಾಡಿಸೋಕೆ ಬಂದವನು, ಅಷ್ಟೇ. ಆದರೆ ಹಾಡು ನೆಲಕ್ಕೆ ಕಾಲೂರಿತು. ನನ್ನ ಬೆನ್ನಿಗೂ ತಾಗಿತು. ಹೇಡನ್ ಸುಳ್ಳು ಹೇಳಿರಲಿಲ್ಲ.

ಕೊನೇ ಚರಣದ ಮಧ್ಯೆ ಉಸಿರು ಕೈಕೊಟ್ಟಿತು. ಕೆಮ್ಮು. ಮೋಟ್ ಬೊಗಳಿತು. ಉಳಿದದ್ದನ್ನ ನಾವೇ ಮುಗಿಸಿದೆವು. ಗೇಟಿನ ಹೊರಗೆ ಬರೋ ಹೊತ್ತಿಗೆ ಅಲ್ಲಿ ಯಾರೂ ಇಲ್ಲ.

ಆ ಹೊತ್ತಲ್ಲಿ ನನ್ನ ಮುಖ ಹೇಗಿತ್ತು, ಕೈ ಎಲ್ಲಿಟ್ಟಿದ್ದೆ, ನೆನಪಿಲ್ಲ. ನಟನಿಗೆ ಅದು ಯಾವಾಗಲೂ ನೆನಪಿರುತ್ತೆ.

ಮೆನ್ನಾ ಹ್ಯಾಮ್ ಕಟ್ಟಿ ಕೊಟ್ಟಳು. ಎರಡು ಮನೆಗಾಗುವಷ್ಟು.

ಮಾರ್ಚ್ ೧೯, ಭಾನುವಾರ, ಬೆಳಿಗ್ಗೆ

ಗೋಡೆ ಆಚೆಯಿಂದ ಜೋರು ದನಿ.

"ಮೋಟ್, ಯಾರಾದ್ರೂ ಹೇಳ್ಬೇಕು ಕಣೋ ಅವನಿಗೆ. ಎರಡನೇ ಚರಣದಲ್ಲಿ ಶ್ರುತಿ ಇಳಿಸ್ದ. ನಾಚಿಕೆಗೇಡು. ಸತ್ತೋನು ಎದ್ದು ಸರಿ ಮಾಡ್ಬೇಕಿತ್ತು."

ಗೋಡೆ ಹತ್ತಿರ ಹೋದೆ.

"ಕೆಳಗೆ ಹಿಡ್ಕೊಳ್ಳೋಕೆ ಏನೂ ಇರಲಿಲ್ಲ ಅಂತ ನಾಯಿಗೆ ಹೇಳು."

ಅತ್ತಿಗೆ ಏನೋ ಗೊಣಗಿದ್ದು ಕೇಳಿತು. ಪಾತ್ರೆ ಸದ್ದು.

ಹನ್ನೊಂದು ಗಂಟೆ

ಸಿಲ್ವಿಯಾ ಫೋನು, ಭಾನುವಾರ ಅನ್ನೋದೂ ಇಲ್ಲ ಅವಳಿಗೆ. ಅಮೆರಿಕದವರು ಸಿನಿಮಾ ನೋಡಿದಾರಂತೆ. ನಾನೇ ಬೇಕಂತೆ. ಏನು ಪಾತ್ರ ಅಂದೆ. ಸ್ವಲ್ಪ ತಡೆದು ಹೇಳಿದಳು, ಹೆಣ. ಒಳ್ಳೇ ಹೆಣ ಯೋರಿ, ಇಡೀ ಕಥೆ ಅದರ ಸುತ್ತಲೇ ಅಂತ. ಒಬ್ಬನೇ ನಕ್ಕೆ, ಕಣ್ಣಲ್ಲಿ ನೀರು ಬರೋವರೆಗೂ. ಇದನ್ನ ಹೇಳೋಕೆ ಇರೋನು ಒಬ್ಬನೇ, ಗೋಡೆ ಆಚೆ. ಉಸಿರಾಡಬೇಡ ಈ ಸಲ ಅಂತಾನೆ, ಗ್ಯಾರಂಟಿ.

ಹ್ಯಾಮ್ ಮೇಜಿನ ಮೇಲಿದೆ. ಎರಡು ಮನೆಯದು. ತಗೊಂಡು ಹೋಗಿ ಬಾಗಿಲಲ್ಲಿ ಇಟ್ಟು ಬರಲಾ, ಅಥವಾ ಅತ್ತಿಗೆ ಹೊರಗೆ ಬಂದಾಗ…

ಸದ್ದು. ಒಂದು ಏಟು. ಒಲೆಯಲ್ಲಿ ಕಲ್ಲಿದ್ದಲು ಜಾರಿರಬೇಕು, ಅಷ್ಟೇ, ಸುಮ್ಮನೆ ಆಸೆ ಪಡೋದು ಬೇ — ಇಲ್ಲ, ಎರಡನೇ